ಮಗುವಿಗೆ ಬರುವುದು ಪ್ರಜ್ಞೆಯೋ, ಅರಿವೋ, ಬುದ್ಧಿಯೋ?

ಬಲ್ಲವರಲ್ಲಿ ಒಂದು ಪದದ ಬಗ್ಗೆ ಕೇಳಬೇಕಿದೆ. ಪದ "ಪ್ರಜ್ಞೆ".

ಸೋಮವಾರಪೇಟೆ ಹತ್ತಿರದ ನಮ್ಮೂರಿನ ಅಂಗನವಾಡಿಯಲ್ಲಿ ಆಗಾಗ ತಾಯಂದಿರ ಸಭೆ ಇರುತ್ತದೆ. ಸಣ್ಣ ಮಕ್ಕಳ ಮನಸ್ಸು ಬೆಳೆಯುವ ಬಗ್ಗೆ ನಾಲ್ಕು ಪುಟ ಬರೆದುಕೊಡಿ ಎಂದು ಅಲ್ಲಿನ ಟೀಚರ್ ಕೇಳಿದ್ದರು. ಬರೆದೆ. "ಮಗುವಿನಲ್ಲಿ ಪ್ರಜ್ಞೆ ಬೆಳೆಯುವ ಬಗೆ" ಎಂದು ತಲೆಬರಹ ಕೊಟ್ಟೆ. ಜುಲೈ ಮಳೆ, ಶೀಟಿನ ಮೇಲೆ ಒಂದೇ ಸದ್ದು, ಕೂಗಿಕೊಂಡೇ ಓದಬೇಕಾಯಿತು. ತಲೆಬರಹ ದಾಟುವ ಮೊದಲೇ ಒಬ್ಬರು ಗಾಬರಿಯಲ್ಲಿ ಕೇಳಿದರು: "ನಮ್ಮ ಪಾಪುಗೆ ಯಾವತ್ತೂ ಪ್ರಜ್ಞೆ ತಪ್ಪಿಲ್ಲ ಮೇಡಂ!"

ಎಲ್ಲರೂ ನಕ್ಕೆವು. ಮನೆಗೆ ಬರುವ ದಾರಿಯಲ್ಲಿ ಯೋಚಿಸಿದರೆ, ತಪ್ಪು ನನ್ನದೇ. ದಿನದ ಮಾತಿನಲ್ಲಿ ಪ್ರಜ್ಞೆ ಕರೆಂಟಿನ ಹಾಗೆ, ಹೋಗುತ್ತದೆ ಇಲ್ಲವೇ ಬರುತ್ತದೆ. ಬೆಳೆಯುವುದಿಲ್ಲ. ಸಮಯಪ್ರಜ್ಞೆ, ಕರ್ತವ್ಯಪ್ರಜ್ಞೆ ಎನ್ನುವಾಗ ಅದು ವಿವೇಕದ ಕಡೆಗೆ ವಾಲುತ್ತದೆ. ಗೀತೆಯ ಸ್ಥಿತಪ್ರಜ್ಞನೂ ಆ ಕಡೆಯವನೇ. ಎಂಟು ತಿಂಗಳ ಕೂಸಿಗೆ ಎರಡೂ ಹೊಂದುವುದಿಲ್ಲ. ಸಿದ್ದಾಪುರ ಕಡೆಯಿಂದ ಮದುವೆಯಾಗಿ ಬಂದ ಮಲಯಾಳಿ ತಾಯಿಯೊಬ್ಬರು "ನಮ್ಮಲ್ಲಿ ಬೋಧಂ ಅಂತಾರೆ, ಬೋಧಂ ಪೋಯಿ ಅಂದ್ರೆ ಪ್ರಜ್ಞೆ ತಪ್ಪಿತು ಅಂತ" ಎಂದರು. ಅದೇ ಮೂಲದ ಮಾತು ಕನ್ನಡಕ್ಕೆ ಬಂದು ಬೋಧನೆಯಾಗಿ ಮೇಷ್ಟ್ರ ಕೈ ಸೇರಿದೆ!

ಹಾಗಾದರೆ ಏನು ಬಳಸಬಹುದು? "ಎಚ್ಚರ" ನಿದ್ದೆಗೆ ಎದುರಾಗಿ ಸರಿ. "ಪರಿವೆ" ನನಗೆ ಬಹಳ ಇಷ್ಟದ ಪದ, ಆದರೆ ಅದರ ಬೆನ್ನಿಗೆ ಸಾಮಾನ್ಯವಾಗಿ ಒಂದು "ಇಲ್ಲ" ಅಂಟಿಕೊಂಡೇ ಬರುತ್ತದೆ. ಮಳೆಯ ಪರಿವೆ ಇಲ್ಲದೆ, ಮೈಮೇಲೆ ಪರಿವೆ ಇಲ್ಲದೆ. ಮಗುವಿಗೆ ಪರಿವೆ ಬಂತು ಎಂದು ಯಾರೂ ಹೇಳಿದ್ದು ನಾನು ಕೇಳಿಲ್ಲ.

"ಅರಿವು" ಬಳಸೋಣ ಎಂದುಕೊಂಡೆ. ಅದಕ್ಕೊಂದು ಕಾರಣವಿದೆ. "ಕಣ್ಣಿಗೆ ಬಿತ್ತು, ಅರಿವಿಗೆ ಬರಲಿಲ್ಲ" ಎನ್ನುತ್ತೇವೆ ಅಲ್ವಾ? ಫ್ರಾನ್ಸಿನ ಮಿದುಳು ಸಂಶೋಧಕ ಸಿಡ್ ಕುಯಿಡರ್ ಮತ್ತು ಜೊತೆಯವರು 2013ರಲ್ಲಿ ಹುಡುಕಿದ್ದು ಹೆಚ್ಚುಕಡಿಮೆ ಇದನ್ನೇ. 5, 12 ಮತ್ತು 15 ತಿಂಗಳ ಮಕ್ಕಳಿಗೆ ಮುಖದ ಚಿತ್ರವನ್ನು ಕ್ಷಣಮಾತ್ರ ತೋರಿಸಿ ಮಿದುಳಿನ ಅಲೆ ಅಳೆದರು. ಕಂಡದ್ದು ಅರಿವಿಗೆ ಬಂದಾಗ ದೊಡ್ಡವರ ಮಿದುಳಿನಲ್ಲಿ ಸ್ವಲ್ಪ ತಡವಾಗಿ ಒಂದು ಗುರುತು ಏಳುತ್ತದೆ. ಅಂಥದ್ದೇ ಗುರುತು 5 ತಿಂಗಳ ಕೂಸಿನಲ್ಲೂ ಸಿಕ್ಕಿತು, ಆದರೆ ಬಲ ಕಡಿಮೆ, ಮತ್ತು ಏಳಲು ಹತ್ತಿರ ಹತ್ತಿರ ಒಂದು ಸೆಕೆಂಡ್ ಬೇಕಾಯಿತು. ದೊಡ್ಡವರಿಗಿಂತ ಎಷ್ಟೋ ನಿಧಾನ. ಇದನ್ನು ಕನ್ನಡದಲ್ಲಿ ಹೇಳಲು "ಅರಿವಿಗೆ ಬರುವುದು" ಎಂಬ ಮಾತು ಅಚ್ಚುಕಟ್ಟಾಗಿ ಒದಗಿತು. ಇಲ್ಲಿ ಪ್ರಜ್ಞೆ ಎಂದು ಬರೆದಿದ್ದರೆ ಆಸ್ಪತ್ರೆ ವಾಸನೆ ಬರುತ್ತಿತ್ತು.

ಆದರೆ ಟೀಚರ್ ಒಪ್ಪಲಿಲ್ಲ. "ಅರಿವು ಅಂದ್ರೆ ಜಾಥಾ ಅಂದ್ಕೋತಾರೆ" ಎಂದರು. ನಿಜ. ಡೆಂಗ್ಯೂ ಅರಿವು, ಕಾನೂನು ಅರಿವು, ಬ್ಯಾನರು, ಮೈಕು. ವಚನಕಾರರ ಪದವನ್ನು ಇಲಾಖೆಗಳು ಎಳೆದುಕೊಂಡು ಹೋಗಿವೆ.

ಇನ್ನು ಅಜ್ಜಿಯಂದಿರ ಮಾತು "ಬುದ್ಧಿ ತಿಳಿಯೋದು". "ನಂಗೆ ಬುದ್ಧಿ ತಿಳಿದಾಗಿನಿಂದ" ಎಂದು ನಾವೆಲ್ಲ ಹೇಳುತ್ತೇವೆ. ನನಗೆ ಬುದ್ಧಿ ತಿಳಿದದ್ದು ಒಂದು ಹುತ್ತರಿ ರಾತ್ರಿ, ನಮ್ಮ ಕೊಡಗಿನ ಸುಗ್ಗಿ ಹಬ್ಬದಂದು. ಯಾರದೋ ಹೆಗಲ ಮೇಲಿದ್ದೆ, ಗದ್ದೆಯ ಕಡೆಯಿಂದ ಕೋವಿಯ ಈಡು ಕೇಳಿತು, ಆಮೇಲೆ "ಪೊಲಿ ಪೊಲಿ ದೇವಾ" ಎಂಬ ಕೂಗು. ಆಗ ನನಗೆ ನಾಲ್ಕು ವರ್ಷ ಎಂದು ಅವ್ವ ಲೆಕ್ಕ ಹಾಕಿ ಹೇಳುತ್ತಾರೆ. ದೊಡ್ಡವರನ್ನು ಕೇಳಿದರೆ ಬಹಳ ಜನರ ಮೊದಲ ನೆನಪು ಮೂರು, ಮೂರೂವರೆ ವರ್ಷದ ಸುತ್ತಮುತ್ತಲಿನದೇ ಆಗಿರುತ್ತದೆ. ಅಂದರೆ ಈ ಮಾತು ಹೇಳುವುದು ನೆನಪು ಉಳಿಯಲು ಶುರುವಾದ ಕಾಲವನ್ನು. ಅದಕ್ಕೂ ಒಂದು, ಒಂದೂವರೆ ವರ್ಷ ಮೊದಲೇ ಮಗುವಿಗೆ ತಾನು ಯಾರು ಎಂದು ಗೊತ್ತಿರುತ್ತದೆ!

ಅದು ಗೊತ್ತಾದದ್ದು ಕನ್ನಡಿಯಿಂದ. 1972ರಲ್ಲಿ ಬ್ಯೂಲಾ ಆಮ್ಸ್ಟರ್‌ಡ್ಯಾಮ್ ಎಂಬ ಮನಶ್ಶಾಸ್ತ್ರಜ್ಞೆ ಮಕ್ಕಳ ಮೂಗಿಗೆ ಬಣ್ಣ ಹಚ್ಚಿ ಕನ್ನಡಿ ಮುಂದೆ ಬಿಟ್ಟರು. ತೀರಾ ಸಣ್ಣವು ಕನ್ನಡಿಯೊಳಗಿನ ಕೂಸನ್ನು ಆಟಕ್ಕೆ ಕರೆದವು. ಒಂದೂವರೆ, ಎರಡು ವರ್ಷದ ಹೊತ್ತಿಗೆ ಹೆಚ್ಚಿನ ಮಕ್ಕಳು ಕೈಯನ್ನು ತಮ್ಮ ಮೂಗಿಗೇ ಒಯ್ಯುತ್ತಾರೆ. ನಮ್ಮ ಸಭೆಯಲ್ಲಿ ಇದನ್ನು ಕಾಡಿಗೆಯಲ್ಲಿ ಮಾಡಿ ನೋಡಿದೆವು. ಕೆನ್ನೆಗೆ ಇಟ್ಟರೆ ಪ್ರಯೋಜನವಿಲ್ಲ, ಅಲ್ಲಿ ದಿನಾ ದೃಷ್ಟಿಬೊಟ್ಟು ಇರುತ್ತದಲ್ಲ! ಮೂಗಿಗೇ ಇಡಬೇಕು. ಹನ್ನೊಂದು ತಿಂಗಳ ಒಬ್ಬ ಕನ್ನಡಿಗೆ ಮುತ್ತು ಕೊಟ್ಟ. ಎರಡು ತುಂಬಿದ ಹುಡುಗಿ ಮೂಗು ಒರೆಸಿಕೊಂಡು ನಮ್ಮನ್ನೆಲ್ಲ ಸಿಟ್ಟಿನಿಂದ ನೋಡಿದಳು.

ಈ ಹಂತಕ್ಕೆ ಪುಸ್ತಕಗಳಲ್ಲಿ "ಆತ್ಮಪ್ರಜ್ಞೆ" ಎಂದಿರುತ್ತದೆ. ಆತ್ಮ ಎಂದರೆ ನಮ್ಮೂರಿನಲ್ಲಿ ತಿಥಿಯ ನೆನಪಾಗುತ್ತದೆ. ನಾನು "ತನ್ನರಿವು" ಎಂದು ಬರೆದಿದ್ದೇನೆ. ಮನೆಮಾತಿನಲ್ಲಿ ಇದಕ್ಕೆ ಪದ ಇಲ್ಲ, ಆದರೆ ಗುರುತು ಇದೆ. "ಪುಟ್ಟಿಗೆ ಬೇಕು" ಎನ್ನುತ್ತಿದ್ದ ಮಗು ಒಂದು ದಿನ "ನಂಗೆ ಬೇಕು" ಎನ್ನುತ್ತದೆ. ಸ್ವಲ್ಪ ದಿನಕ್ಕೆ "ನಂದು!" ಶುರು, ಮನೆಯಲ್ಲಿ ಜಗಳವೂ ಶುರು.

ನನಗೆ ಪದ ಸಿಗದೆ ಇರುವುದು ಇದಕ್ಕಿಂತ ಹಿಂದಿನ ತಿಂಗಳುಗಳಿಗೆ. ಒಂಬತ್ತರಿಂದ ಹನ್ನೆರಡು ತಿಂಗಳ ಹೊತ್ತಿಗೆ ಮಗು ಕಾಗೆಯ ಕಡೆ ಬೆರಳು ತೋರಿಸುತ್ತದೆ, ಆಮೇಲೆ ತಿರುಗಿ ನಮ್ಮ ಮುಖ ನೋಡುತ್ತದೆ. ನೀನೂ ನೋಡಿದೆಯಾ ಎಂದು ಕೇಳಿದ ಹಾಗೆ. ಪಕ್ಕದ ಮನೆ ಅಜ್ಜಿ ಇದಕ್ಕೆ "ಕೂಸಿಗೆ ಈಗ ಲೋಕ ಗೊತ್ತಾಗ್ತಾ ಇದೆ" ಎಂದರು. ಮಾತು ಚೆನ್ನಾಗಿದೆ, ಆದರೆ "ಲೋಕಜ್ಞಾನ" ಎಂದು ಅಚ್ಚು ಮಾಡಿದರೆ ಅದು ಅಜ್ಜಿಯದೇ ಆಗುತ್ತದೆ, ಕೂಸಿನದಲ್ಲ.

ಸದ್ಯಕ್ಕೆ ತಲೆಬರಹವನ್ನು "ಮಗುವಿಗೆ ಲೋಕ ಗೊತ್ತಾಗುವ ಬಗೆ" ಎಂದು ಬದಲಿಸಿದ್ದೇನೆ. ಒಳಗೆ "ಅರಿವಿಗೆ ಬರುವುದು", "ತನ್ನರಿವು", "ಬುದ್ಧಿ ತಿಳಿಯುವುದು" ಮೂರನ್ನೂ ಬೇರೆ ಬೇರೆ ಇಟ್ಟಿದ್ದೇನೆ. "ತನ್ನರಿವು" ಓದುವಾಗ ಕೃತಕ ಅನ್ನಿಸುತ್ತದೆಯೇ? ಬೆರಳು ತೋರಿಸಿ ಮುಖ ನೋಡುವ ಆ ವಯಸ್ಸಿನ ಕೂಸಿಗೆ ನಿಮ್ಮ ಮನೆಯಲ್ಲಿ ಏನೆನ್ನುತ್ತಾರೆ? ಅರೆಭಾಷೆ, ಕೊಡವ ತಕ್ಕ್ ಆಡುವವರೂ ನಿಮ್ಮ ಮಾತು ತಿಳಿಸಿ. ಮುಂದಿನ ಸಭೆಗೆ ಮೊದಲು ಜೆರಾಕ್ಸ್ ಮಾಡಿಸಬೇಕು.