ಸಹಾಯ ಬೇಕು: ಬಿಳಿ ನಾಟಿ ಹುಂಜ

ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯವನು. ಮನೆಯ ನಾಟಿ ಕೋಳಿಗಳಲ್ಲಿ ಅಚ್ಚ ಬಿಳಿ ಬಣ್ಣ ನಿಲ್ಲಿಸಬೇಕೆಂದು ಎರಡು ವರ್ಷದಿಂದ ಒದ್ದಾಡುತ್ತಿದ್ದೇನೆ. ಬಿಳಿ ಹುಂಜವನ್ನು ಕಪ್ಪು ಹೇಂಟೆಗಳ ಜೊತೆ ಬಿಟ್ಟಾಗ ಹುಟ್ಟಿದ 22 ಮರಿಗಳಲ್ಲಿ ಒಂದೂ ಬಿಳಿಯಿರಲಿಲ್ಲ. ಅಂದರೆ ಇದು ಅಡಗಿ ಕೂರುವ ಬಿಳಿ. ತಂದೆ, ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಹೊರಗೆ ಕಾಣುತ್ತದೆ. ಆ ಹೆಣ್ಣುಮರಿಗಳನ್ನೇ ಬೆಳೆಸಿ ಬಿಳಿ ಹುಂಜದೊಂದಿಗೆ ಕೂಡಿಸಿದ್ದರೆ ಸುಮಾರು ಅರ್ಧದಷ್ಟು ಬಿಳಿ ಮರಿಗಳು ಸಿಗುತ್ತಿದ್ದವು. ಅಷ್ಟರಲ್ಲಿ ಕಾಡುಬೆಕ್ಕು ಹುಂಜವನ್ನು ಹೊತ್ತೊಯ್ದಿತು. ಇಷ್ಟು ಕಪ್ಪು ಕೋಳಿಗಳಿದ್ದರೂ ಅದಕ್ಕೆ ಬೇಕಾದದ್ದು ಅದೇ!

ಈಗ ಉಳಿದಿರುವುದು ಏಳು ಹೇಂಟೆ, ಎರಡು ಹುಂಜ. ಎಲ್ಲವೂ ಕಪ್ಪು, ಎಲ್ಲವೂ ಒಂದೇ ತಂದೆಯ ಮಕ್ಕಳು. ಅವನ್ನೇ ಕೂಡಿಸಿದರೆ ನಾಲ್ಕರಲ್ಲಿ ಒಂದು ಬಿಳಿ ಬರಬಹುದು. ಆದರೆ ರಕ್ತಸಂಬಂಧದಲ್ಲೇ ಕೂಡಿಸುತ್ತಾ ಹೋದರೆ ಮರಿಯಾಗುವ ಮೊಟ್ಟೆಗಳು ಕಡಿಮೆಯಾಗುತ್ತವೆ ಎಂಬ ಅಳುಕು.

ಯಾರ ಬಳಿಯಾದರೂ ಬಿಳಿ ನಾಟಿ ಹುಂಜವಿದ್ದರೆ ಎರಡು ತಿಂಗಳ ಮಟ್ಟಿಗೆ ಕೊಡುತ್ತೀರಾ? ಹುಟ್ಟುವ ಬಿಳಿ ಮರಿಗಳಲ್ಲಿ ಪಾಲು ಕೊಡುತ್ತೇನೆ. ಲೆಗ್‌ಹಾರ್ನ್ (ವಿದೇಶಿ ಮೊಟ್ಟೆಕೋಳಿ ತಳಿ) ಬೆರಕೆ ದಯವಿಟ್ಟು ಬೇಡ. ಅದರ ಬಿಳಿ ಬೇರೆ ಬಗೆಯದು, ಮೊದಲ ಪೀಳಿಗೆಯಲ್ಲೇ ಮೇಲುಗೈ ಸಾಧಿಸುತ್ತದೆ. ಹಾಗಾಗಿ ನಿಮ್ಮ ಹುಂಜಕ್ಕೆ ಬಣ್ಣದ ಹೇಂಟೆಗಳಿಂದ ಎಂಥ ಮರಿಗಳು ಹುಟ್ಟಿವೆ ಎಂಬುದನ್ನೂ ತಿಳಿಸಿ.