‘ಟೆಂಡರ್ ಹೊಂದಾಣಿಕೆ’, ‘ಮಳೆಗಾಲ ಸೇರಿ’, ‘ಬರೆ’: ಸರಿಯಾದ ಪದ ಯಾವುದು?

ಪ್ರಶ್ನೆ: ಬಸ್ ತಂಗುದಾಣದ ಕಾಮಗಾರಿ ಟೆಂಡರಿನಿಂದ ಕೊನೆಯ ಬಿಲ್ಲಿನವರೆಗೆ ಹೇಗೆ ಸಾಗುತ್ತದೆಂದು ಕೊಡಗಿನ ಗ್ರಾಮ ಪಂಚಾಯಿತಿ ಸದಸ್ಯರಿಗೆ ತಿಳಿಸುವ ಕಿರುಪುಸ್ತಕ ಸಿದ್ಧವಾಗುತ್ತಿದೆ. ರೈಲೇ ಇಲ್ಲದ ಜಿಲ್ಲೆಯಲ್ಲಿ ಬಸ್ಸಿಗೆ ಕಾಯುವ ಜಾಗ ಸಣ್ಣ ವಿಷಯವಲ್ಲ. ಮೂರು ಕಡೆ ಪದ ಸಿಕ್ಕುತ್ತಿಲ್ಲ. ಟೆಂಡರ್ ಹಾಕುವವರು ಮೊದಲೇ ಮಾತಾಡಿಕೊಂಡು ದರ ತುಂಬುವ ‘ಬಿಡ್ ರಿಗ್ಗಿಂಗ್’ ಎಂಬುದಕ್ಕೆ ‘ಟೆಂಡರ್ ಹೊಂದಾಣಿಕೆ’ ಎಂದು ಬರೆದಿದ್ದೇವೆ. ಓದಿದವರು ‘ಹೊಂದಿಕೊಂಡು ಹೋದರೆ ತಪ್ಪೇನು?’ ಎಂದು ಕೇಳುತ್ತಾರೆ. ಕಾಮಗಾರಿ ಮುಗಿಸುವ ಅವಧಿಯ ಮುಂದೆ ‘ಮಳೆಗಾಲ ಸೇರಿ’ ಎಂದಿದ್ದರೆ ಅರ್ಥವೇನು? ಗುಡ್ಡ ಕಡಿದ ಜಾಗಕ್ಕೆ ಇಲ್ಲಿ ಹೇಳುವ ‘ಬರೆ’ ಎಂದರೆ ಹೊರಗಿನವರಿಗೆ ಕಾಸಿ ಎಳೆಯುವ ಬರೆಯೇ ನೆನಪಾಗುವುದರಿಂದ ಅದನ್ನು ‘ಇಳಿಜಾರು’ ಎಂದು ತಿದ್ದಬೇಕೇ? ಬಲ್ಲವರು ತಿಳಿಸಿ.

ಉತ್ತರ: ‘ಹೊಂದಾಣಿಕೆ’ ಬೇಡ. ಲೆಕ್ಕಪತ್ರದಲ್ಲಿ ಅದು ಮುಂಗಡವನ್ನು ಬಿಲ್ಲಿನಲ್ಲಿ ಮುರಿದುಕೊಳ್ಳುವುದಕ್ಕೆ ಬಳಕೆಯಲ್ಲಿದೆ, ರಾಜಕೀಯದಲ್ಲಿ ಸೀಟು ಹಂಚಿಕೆಗೆ. 2002ರ ಸ್ಪರ್ಧಾ ಕಾಯ್ದೆಯ 3(3)(ಡಿ) ಕಲಮು ಹಿಡಿಯುವುದು ಸ್ಪರ್ಧಿಗಳು ತಮ್ಮತಮ್ಮಲ್ಲಿ ಮಾಡಿಕೊಂಡ ಒಪ್ಪಂದವನ್ನು. ಹಾಗಾಗಿ ‘ಟೆಂಡರ್ ಒಳಒಪ್ಪಂದ’ ಎನ್ನಿ. ಒಪ್ಪಂದ ಎಂಬ ಮಾತು ಒಳಗೇ ಉಳಿಯುತ್ತದೆ, ಗುಟ್ಟೂ ತಿಳಿಯುತ್ತದೆ.

ಆದರೆ ಜನ ‘ಹೊಂದಾಣಿಕೆ’ ಎಂದು ಒಂದೇ ಚೀಲಕ್ಕೆ ತುಂಬುವ ಸಂಗತಿಗಳನ್ನು ಬೇರೆ ಮಾಡಿ. ಒಬ್ಬ ಗೆಲ್ಲಲೆಂದು ಉಳಿದಿಬ್ಬರು ಹೆಚ್ಚು ದರ ನಮೂದಿಸಿದರೆ ಅದು ಒಳಒಪ್ಪಂದ. ಆ ಇಬ್ಬರದು ‘ಡಮ್ಮಿ ಟೆಂಡರ್’. ಒಬ್ಬನಿಗಷ್ಟೇ ಒಗ್ಗುವ ಅರ್ಹತೆಯನ್ನು ಕಚೇರಿಯೇ ಬರೆದಿಟ್ಟರೆ, ಸಣ್ಣ ತಂಗುದಾಣಕ್ಕೂ ದೊಡ್ಡ ಕಟ್ಟಡದ ಅನುಭವ ಕೇಳಿದಂತೆ, ಅದಕ್ಕೆ ‘ಹೇಳಿ ಮಾಡಿಸಿದ ಷರತ್ತು’ ಎನ್ನಬಹುದು. ಅಲ್ಲಿ ಸ್ಪರ್ಧಿಗಳ ನಡುವೆ ಒಪ್ಪಂದವೇ ಇರಬೇಕಿಲ್ಲ. ಆ ಆಕ್ಷೇಪಕ್ಕೆ ನೋಡಬೇಕಾದದ್ದು 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, ನಾವು ಕೆಟಿಪಿಪಿ ಎನ್ನುವುದು. ಇನ್ನು ಒಂದೇ ಕೆಲಸವನ್ನು ತಳಪಾಯ, ಚಾವಣಿ, ಬಣ್ಣ ಎಂದು ಕತ್ತರಿಸಿ ಟೆಂಡರ್ ಕರೆಯಬೇಕಾದ ಮೊತ್ತಕ್ಕಿಂತ ಕೆಳಗಿಳಿಸಿದರೆ? ಆಡುಮಾತಿನಲ್ಲಿ ಅದನ್ನೂ ‘ತುಂಡು ಗುತ್ತಿಗೆ’ ಎನ್ನುತ್ತಾರೆ. ಇಲ್ಲಿ ಎಚ್ಚರ ಬೇಕು. ತುಂಡು ಗುತ್ತಿಗೆ ಎಂಬುದು ಸಣ್ಣ ಕೆಲಸವನ್ನು ದರ ಗೊತ್ತುಮಾಡಿ ವಹಿಸಲು ಇಲಾಖೆಯಲ್ಲಿ ಇರುವ ಪದ್ಧತಿಯೇ, ತಪ್ಪಲ್ಲ. ತಪ್ಪು ಇರುವುದು ಕತ್ತರಿಸುವುದರಲ್ಲಿ. ‘ಕಾಮಗಾರಿ ತುಂಡರಿಸುವುದು’ ಎಂದು ಕ್ರಿಯಾಪದವಾಗಿ ಬರೆದರೆ ಗೊಂದಲವಿಲ್ಲ.

ಒಳಒಪ್ಪಂದ ಗುರುತಿಸುವ ಒಂದು ವಿಧಾನವನ್ನೂ ಪುಸ್ತಕದಲ್ಲಿ ಸೇರಿಸಿ. ಅಂದಾಜಿಗಿಂತ ಶೇಕಡಾ ಎಷ್ಟು ಹೆಚ್ಚು ಅಥವಾ ಕಡಿಮೆ ಎಂದಷ್ಟೇ ಬರೆಯುವ ಶೇಕಡಾವಾರು ಟೆಂಡರಿನಲ್ಲಿ ಒಬ್ಬೊಬ್ಬರದು ಒಂದೇ ಅಂಕಿ, ಹೆಚ್ಚೇನೂ ಹೊಳೆಯದು. ಬಾಬುವಾರು, ಅಂದರೆ ಒಂದೊಂದು ಕೆಲಸಕ್ಕೂ ಬೇರೆ ದರ ಕೇಳಿದ ಟೆಂಡರಿನಲ್ಲಿ ಸಿಕ್ಕಿಬೀಳುತ್ತಾರೆ. ಎರಡನೆಯವನ ಪ್ರತಿ ದರವನ್ನು ಮೊದಲನೆಯವನ ದರದಿಂದ ಭಾಗಿಸಿ. ಅಗೆತ, ಕಲ್ಲುಕಟ್ಟಡ, ತಗಡು, ಬಣ್ಣ ಎಲ್ಲಕ್ಕೂ 1.08 ಎಂದೇ ಬಂದರೆ ಒಂದೇ ಹಾಳೆಯನ್ನು ಗುಣಿಸಿ ತುಂಬಿದ್ದಾರೆ ಎಂಬ ಗಟ್ಟಿ ಅನುಮಾನ. ಬೇರೆಬೇರೆಯಾಗಿ ಲೆಕ್ಕ ಹಾಕಿದವರಲ್ಲಿ ಒಬ್ಬನಿಗೆ ಕಲ್ಲು ಹತ್ತಿರ, ಇನ್ನೊಬ್ಬನಿಗೆ ಸ್ವಂತ ಜೆಸಿಬಿ, ಅನುಪಾತ ಏರಿಳಿಯಲೇಬೇಕು.

ಅದೇ ಪಟ್ಟಿಯಲ್ಲಿ ‘ಮುಂಭಾರದ ದರ’ವನ್ನೂ ನೋಡಿ. ಮೊದಲು ಮುಗಿಯುವ ಅಗೆತಕ್ಕೆ ದುಬಾರಿ, ಕೊನೆಗೆ ಬರುವ ಚಾವಣಿಗೆ ಜುಜುಬಿ ದರ. ಒಟ್ಟು ಮೊತ್ತ ಕಡಿಮೆಯೇ, ಟೆಂಡರೂ ಅವನಿಗೇ. ಮೊದಲ ಬಿಲ್ಲಿನಲ್ಲೇ ಲಾಭ ಕೈಸೇರಿದ ಮೇಲೆ ಚಾವಣಿ ಹೊದಿಸಲು ಅವನಿಗೇಕೆ ಆತುರ? ಕಂಬ ಮಾತ್ರ ಎದ್ದು ನಿಂತ ತಂಗುದಾಣಕ್ಕೆ ಇದೂ ಒಂದು ಕಾರಣವಾಗಬಹುದು. ಇದಕ್ಕೆ ಹೆಚ್ಚುವರಿ ಭದ್ರತಾ ಠೇವಣಿ ಕೇಳಲು ಟೆಂಡರ್ ದಾಖಲೆಯಲ್ಲೇ ಅವಕಾಶವಿರುತ್ತದೆ. ಕೇಳಿದ್ದಾರೆಯೇ ಎಂದು ಕಡತದಲ್ಲಿ ನೋಡಬೇಕು.

‘ಮಳೆಗಾಲ ಸೇರಿ 6 ತಿಂಗಳು’ ಎಂದರೆ ಕಾರ್ಯಾದೇಶದ ಷರತ್ತಿನಂತೆ ದಿನ ಎಣಿಕೆ ಶುರುವಾದ ಮೇಲೆ ಮಳೆಗೆ ಬಿಡುವಿಲ್ಲ. ‘ಹೊರತುಪಡಿಸಿ’ ಎಂದರೆ ಆ ತಿಂಗಳುಗಳು ಲೆಕ್ಕಕ್ಕಿಲ್ಲ. ಕೊಡಗಿನಲ್ಲಿ ಈ ಒಂದು ಪದವೇ ದರ ಬದಲಿಸುತ್ತದೆ. ಜಡಿಮಳೆಯ ತಿಂಗಳಾದ ಕಕ್ಕಡದಲ್ಲಿ ಕಾಂಕ್ರೀಟ್ ಹಾಕಲು ಟಾರ್ಪಾಲಿನ ಚಪ್ಪರ ಬೇಕು, ಒದ್ದೆ ಮರಳಿನಲ್ಲಿರುವ ನೀರಿನಷ್ಟನ್ನು ಹಾಕುವ ನೀರಿನಲ್ಲಿ ಕಳೆದು ಮಿಶ್ರಣ ಮಾಡಬೇಕು. ಕಳೆಯದಿದ್ದರೆ ಕಾಂಕ್ರೀಟ್ ತೆಳುವಾಗಿ ಬಲ ಕಳೆದುಕೊಳ್ಳುತ್ತದೆ. ಇದನ್ನೆಲ್ಲ ಲೆಕ್ಕಕ್ಕೆ ಹಿಡಿದವನು ಸೋಲುತ್ತಾನೆ. ಅವಧಿ ಹೇಗೂ ವಿಸ್ತರಿಸುತ್ತಾರೆ ಎಂದು ಗೊತ್ತಿರುವವನು ಗೆಲ್ಲುತ್ತಾನೆ. ಬರೀ ‘6 ತಿಂಗಳು’ ಎಂದು ಬಿಡುವುದು ಎಲ್ಲಕ್ಕಿಂತ ಕೆಟ್ಟದ್ದು.

‘ಬರೆ’ಯನ್ನು ಮುಟ್ಟಬೇಡಿ. ರಸ್ತೆಗಾಗಿ ಗುಡ್ಡ ಕಡಿದಾಗ ಉಳಿಯುವ ನೆಟ್ಟನೆಯ ಮಣ್ಣಿನ ಮೈ ಅದು. ‘ಬರೆ ಕುಸಿತ’ ಎಂದರೆ ಇಲ್ಲಿ ಮಕ್ಕಳಿಗೂ ಗೊತ್ತು. ‘ಇಳಿಜಾರು’ ಎಂದು ಬರೆದರೆ ಅಪಾಯವೇ ಮಾಯ. ತಂಗುದಾಣದ ಹಿಂದೆ ಬರೆ ಇದ್ದರೆ ಅಂದಾಜುಪಟ್ಟಿಯಲ್ಲಿ ತಡೆಗೋಡೆ, ಅದರಲ್ಲಿ ನೀರು ಬಸಿಯುವ ತೂತು, ಗೋಡೆಯ ಬೆನ್ನಿಗೆ ಜಲ್ಲಿ ಇರಬೇಕು. ಸಾಮಾನ್ಯ ಮೋಸವೆಂದರೆ ಪೈಪಿನ ತುಂಡುಗಳನ್ನು ಗೋಡೆಯ ಮುಂಭಾಗಕ್ಕೆ ಸಿಕ್ಕಿಸಿ ಆಚೆ ಬದಿಗೆ ತಲುಪಿಸದಿರುವುದು. ಕಬ್ಬಿಣದ ಸರಳೊಂದನ್ನು ತೂರಿಸಿದರೆ ಗೊತ್ತಾಗುತ್ತದೆ. ಆಚೆ ತಲುಪದಿದ್ದರೆ ನೀರು ಕಟ್ಟಿಕೊಂಡ ಮಣ್ಣಿನ ಒತ್ತಡ ತಡೆಯಲಾರದೆ ಗೋಡೆ ಮುಂದಕ್ಕೆ ವಾಲುತ್ತದೆ.

ಇನ್ನೊಂದು ಉತ್ತರ: ‘ತಂಗುದಾಣ’ ಎಂಬ ನಿಮ್ಮ ಪದ ಸರಿಯಾಗಿದೆ, ಕಾಮಗಾರಿಯ ಹೆಸರಿನಲ್ಲೂ ಅದೇ ಇರಲಿ. ‘ನಿಲುಗಡೆ’ ಬಸ್ಸು ನಿಲ್ಲುವ ಸ್ಥಳ, ಬೋರ್ಡಿದ್ದರೆ ಸಾಕು. ‘ನಿಲ್ದಾಣ’ ಬಸ್ಸುಗಳು ಒಳಬಂದು ಹೊರಡುವ ಆವರಣ. ‘ನಿಲ್ದಾಣ ಅಭಿವೃದ್ಧಿ’ ಎಂದು ಮೋಘಮ್ಮಾಗಿ ಬರೆದರೆ ಇಂಟರ್‌ಲಾಕ್ ಕಲ್ಲು ಹಾಸಿ ಬಿಲ್ ಮಾಡಬಹುದು, ಸೂರು ಇಲ್ಲದೆಯೇ. ಸೂರಿನ ಮಾತು ಬಂದಾಗ ಮುಂಚಾಚು ಎಷ್ಟೆಂದೂ ಬರೆಯಿರಿ: ಇಲ್ಲಿಯ ಮಳೆ ಓರೆಯಾಗಿ ಹೊಡೆಯುತ್ತದೆ, ಬಯಲುಸೀಮೆಯ ನಕ್ಷೆಯಂತೆ ಕಟ್ಟಿದರೆ ಬೆಂಚೇ ನೆನೆಯುತ್ತದೆ.

‘ದೋಷ ಹೊಣೆ ಅವಧಿ’ಯನ್ನು ‘ನಿರ್ವಹಣಾ ಅವಧಿ’ ಎಂದು ಮಾಡುವ ಅನುವಾದಗಳೂ ಇವೆ, ಬೇಡ. ತಗಡಿನ ಸ್ಕ್ರೂ ಸಡಿಲಾಗಿ ಸೋರಿದರೆ ಗುತ್ತಿಗೆದಾರ ತನ್ನ ಖರ್ಚಿನಲ್ಲಿ ಸರಿಮಾಡಬೇಕಾದದ್ದು ಮೊದಲನೆಯದು. ಬಲ್ಬು ಬದಲಿಸುವುದು, ಚರಂಡಿಯ ಎಲೆ ತೆಗೆಯುವುದು ಎರಡನೆಯದು. ಅದು ಪಂಚಾಯಿತಿಯ ಪಾಲಿಗೇ.