ಭಾಸ್ಕರಣ್ಣನ ಐದು ಸಿಗರೇಟು

ಮುಂಬಯಿಯ ಮಾಟುಂಗದಲ್ಲಿ ಸ್ವಂತ ಹೋಟೆಲಿದ್ದೂ ಭಾಸ್ಕರಣ್ಣ ಚಾ ಕುಡಿಯುವುದು ಎದುರಿನ ಟಪರಿಯಲ್ಲಿ. ಚಾ ಬರೀ ನೆಪ. ಸಾರ್ವಜನಿಕ ಜಾಗದಲ್ಲಿ ಸೇದಬಾರದೆಂದು 2008ರಲ್ಲಿ ಕಾನೂನು ಬಿಗಿಯಾದಾಗ, ತಮ್ಮ ಹೋಟೆಲಿನ ಗಲ್ಲೆಯ ಮೇಲೆ ಬೋರ್ಡು ತೂಗುಹಾಕಿದವರು ಅವರೇ.

ಮೊನ್ನೆ ಭಾನುವಾರ ಅವರ ಮುಖ ಹಳಸಿದ ಸಾಂಬಾರಿನ ಹಾಗಿತ್ತು.

"ಇನ್ಶೂರೆನ್ಸಿನವರು ಪ್ರೀಮಿಯಂ ಏರಿಸಿದ್ದಾರೆ ಮಾರಾಯ್ರೆ. ಫಾರ್ಮಿನಲ್ಲಿ 'ಸೇದುವುದಿಲ್ಲ' ಅಂತ ಬರೆದಿದ್ದೆ. ಟೆಸ್ಟಿಗೆ ಮುಂಚೆ ಎರಡು ದಿನ ಮುಟ್ಟಲೂ ಇಲ್ಲ. ಆದರೂ ಮೂತ್ರ ಬಾಯಿ ಬಿಟ್ಟಿದೆ!"

"ಅದಕ್ಕ ನಿಮ್ಮಂಗ ಫಾರ್ಮ್ ತುಂಬಲಿಕ್ಕೆ ಬರಂಗಿಲ್ರಿ," ಅಂದರು ಜೋಶಿ ಮಾಸ್ತರು. ಧಾರವಾಡ ಬಿಟ್ಟು ಮೂವತ್ತು ವರ್ಷವಾದರೂ ಮಾತು ಮಾತ್ರ ಇನ್ನೂ ಅಲ್ಲೇ ಇದೆ.

ನಮ್ಮ ಶೇಖರ ಲ್ಯಾಬ್ ಟೆಕ್ನಿಶಿಯನ್. ಅವನಿಗೆ ಇಂಥದ್ದು ಸಿಕ್ಕರೆ ವಡಾಪಾವ್ ಸಿಕ್ಕಷ್ಟು ಖುಷಿ. "ಭಾಸ್ಕರಣ್ಣ, ರಕ್ತದಲ್ಲಿ ನಿಕೋಟಿನ್ ಸುಮಾರು 2 ಗಂಟೆಗೆ ಅರ್ಧ ಆಗ್ತದೆ. ಆದ್ರೆ ಲಿವರ್ ಅದನ್ನು ಕೋಟಿನಿನ್ ಮಾಡಿ ಇಡ್ತದೆ. ಅದು ಅರ್ಧ ಆಗ್ಲಿಕ್ಕೆ ಸುಮಾರು 16 ಗಂಟೆ. ಎರಡು ದಿನ ಅಂದ್ರೆ ಮೂರು ಸಲ ಅರ್ಧ. ಎಂಟನೇ ಒಂದು ಪಾಲು ಒಳಗೇ ಉಳೀತು."

"ಎಂಟನೇ ಒಂದಕ್ಕೆ ಪೂರಾ ಪ್ರೀಮಿಯಮ್ಮಾ? ದಿನಕ್ಕೆ 20 ಇದ್ದದ್ದನ್ನು 5ಕ್ಕೆ ಇಳಿಸಿದ್ದೇನೆ. ವಿಷ ಕಾಲು ಭಾಗ ಆಗಿರಬೇಕಲ್ಲ?"

"ನೀವು ಸಿಗರೇಟು ಎಣಿಸ್ತೀರಿ, ಮೈ ಹೊಗೆ ಎಣಿಸ್ತದೆ. ಕೆನ್ನೆ ಎರಡೂ ಒಳಗೆ ಹೋಗುವಷ್ಟು ಎಳೀತೀರಿ, ಫಿಲ್ಟರ್ ಸುಡುವವರೆಗೆ ಬಿಡೂದಿಲ್ಲ. ಕಮ್ಮಿ ಮಾಡಿದವರು ಪ್ರತಿ ಸಿಗರೇಟಿಂದ ಹೆಚ್ಚು ಹಿಂಡ್ತಾರೆ."

ಇದು ನಿಜ. ಈಗೀಗ ಭಾಸ್ಕರಣ್ಣ ಎಳೆದ ಹೊಗೆ ಹೊರಗೆ ಬಂದದ್ದನ್ನು ನಾನಂತೂ ನೋಡಿಲ್ಲ.

"ಇದು ಮೈಲ್ಡ್ ಮಾರಾಯ! ಫಿಲ್ಟರಿನಲ್ಲಿ ಸಣ್ಣ ಸಣ್ಣ ತೂತು ಉಂಟು, ಗಾಳಿ ಬೆರೀತದೆ."

"ಬೆರೀತದೆ, ಮಷಿನ್ ಸೇದಿದ್ರೆ. ಸಿಗರೇಟು ಮೈಲ್ಡಾ ಅಂತ ಅಳೆಯುವ ಮಷಿನ್ ನಿಮಿಷಕ್ಕೊಂದೇ ದಮ್ಮು ಎಳೀತದೆ, ಎರಡು ಸೆಕೆಂಡು, 35 ಮಿಲಿಲೀಟರ್. ನಿಮ್ಮ ಬೆರಳೂ ತುಟಿಯೂ ಆ ತೂತಿನ ಮೇಲೇ ಕೂತಿದೆ, ನೋಡಿ."

ಭಾಸ್ಕರಣ್ಣ ಬೆರಳು ಸರಿಸಿ ನೋಡಿದರು. ಸಿಟ್ಟು ಬಂತು. "ಆ ಮಷಿನಿನ ಅಡುಗೆ ಭಟ್ಟ ಹೇಳದೆ ಕೇಳದೆ ಊರಿಗೆ ಹೋಗ್ತಾನಾ? ಹಾಲು ಒಡೀತದಾ? ನಿಮಿಷಕ್ಕೊಂದು ದಮ್ಮಂತೆ!"

ಬೀಡಿಗೆ ಇಳಿಯುವ ಯೋಚನೆಯೂ ಇತ್ತಂತೆ, ಎಲೆಯಲ್ಲಿ ಸುತ್ತಿದ್ದು, ಆಯುರ್ವೇದ. ಬೀಡಿ ಆರದಿರಬೇಕಾದರೆ ಪದೇ ಪದೇ ಎಳೆಯುತ್ತಲೇ ಇರಬೇಕು ಎಂದು ಶೇಖರ ಆ ಬಾಗಿಲನ್ನೂ ಮುಚ್ಚಿದ.

"ಹೋಗಲಿ, ಹೃದಯಕ್ಕಾದರೂ ಲಾಭ ಆಗಿರ್ಬೇಕಲ್ಲ?"

"ದಿನಕ್ಕೆ 1 ಸೇದುವವನಿಗೂ 20 ಸೇದುವವನ ಹೆಚ್ಚುವರಿ ಅಪಾಯದ ಸುಮಾರು ಅರ್ಧ ಇರ್ತದೆ ಅಂತ 2018ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲಿನಲ್ಲಿ ಬಂದಿತ್ತು."

"ಓ, ರಿಕ್ಷಾದ ಮೀಟರಿನ ಹಾಗೆ! ಕೂತ ಕೂಡಲೇ ಮಿನಿಮಮ್."

"ಇನ್ನು ಕ್ಯಾಡ್ಮಿಯಂ, ವಿಷದ ಲೋಹ. ತಂಬಾಕು ಗಿಡ ಅದನ್ನು ಮಣ್ಣಿಂದ ಎಲೆಗೆ ಎಳ್ಕೊಳ್ತದೆ. ಹೊಗೆಯಲ್ಲಿ ಬಂದು ಕಿಡ್ನಿಯಲ್ಲಿ ಕೂತ್ರೆ ಹತ್ತಾರು ವರ್ಷ ಏಳೂದಿಲ್ಲ."

"ಪಗಡಿ ಬಾಡಿಗೆದಾರ," ಅಂದುಬಿಟ್ಟೆ. ಮೊದಲೇ ಪಗಡಿ ಅಂತ ದೊಡ್ಡ ಮೊತ್ತ ಕೊಟ್ಟು ಮನೆಯಲ್ಲಿ ಕೂತವನನ್ನು ಎಬ್ಬಿಸುವುದು ಸುಲಭವಲ್ಲ. ಮುಂಬಯಿಯಲ್ಲಿ ಯಾವ ಮಾತು ಹೊರಟರೂ ಕೊನೆಗೆ ಬಂದು ನಿಲ್ಲುವುದು ಮನೆಯ ತಾಪತ್ರಯಕ್ಕೇ.

ಇಷ್ಟು ಹೊತ್ತು ನಗುತ್ತಿದ್ದ ಮಾಸ್ತರರು ಸುಮ್ಮನಾದರು. "ಶೇಖರ, ನಾ ಜನ್ಮದಾಗ ಒಂದ್ ದಮ್ ಎಳದಾಂವಲ್ಲ. ಆದ್ರ ಇವರ ಬಾಜೂಕ ಕೂತು ಹದಿನೈದು ವರ್ಷ ಆತು. ನನ್ನ ಮೂತ್ರದಾಗೂ ಅದು ಸಿಗತದೇನು?"

"ಸಿಗ್ಬಹುದು ಮಾಸ್ತರೇ. ತುಂಬಾ ಕಮ್ಮಿ ಇರ್ತದೆ. ಪಕ್ಕದವರ ಹೊಗೆ ಕುಡಿದವರನ್ನು ಗುರುತಿಸೂದೂ ಕೋಟಿನಿನ್ ನೋಡಿಯೇ."

ಮಾಸ್ತರರು ಲೋಟ ಹಿಡಿದುಕೊಂಡೇ ಬೆಂಚಿನ ಆ ತುದಿಗೆ ಸರಿದರು. ಗಾಳಿ ಅತ್ತಲೇ ಬೀಸುತ್ತಿತ್ತು. ಎದ್ದು ಈ ತುದಿಗೆ ಬಂದರು. ಗಾಳಿಯೂ ತಿರುಗಿತು.

ಭಾಸ್ಕರಣ್ಣನಿಗೆ ಕನಿಕರ ಬಂತೋ ಏನೋ. "ಇವತ್ತಿನ ಚಾ ನನ್ನದು ಮಾಸ್ತರೇ."

"ಇಲ್ಲಿ ಚಾ ಬ್ಯಾಡ್ರಿ," ಅಂದರು ಜೋಶಿ ಮಾಸ್ತರು, ರಸ್ತೆ ದಾಟಲು ಎದ್ದು ನಿಂತು. "ನಿಮ್ಮ ಹೋಟೆಲಿನಾಗ ಕೊಡಸ್ರಿ. ಅಲ್ಲೆ ಬೋರ್ಡ್ ಹಾಕೀರಿ."